ವಾಸುರಾಯರು ಮತ್ತು ನನ್ನ ಹಗುರ ಚಕ್ರಗಳು

ವಾಸುರಾಯರ ಬಾಯಿಂದ ‘ತಗೋ’ ಎಂಬ ಮಾತು ಹೊರಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಸೈಕಲ್ಲಿನ ಯಾವ ಬಿಡಿಭಾಗದ ಹೆಸರೆತ್ತಿದರೂ ಕನ್ನಡಕವನ್ನು ಹಣೆಗೇರಿಸಿ, “ಯಾಕೆ?” ಎನ್ನುತ್ತಿದ್ದರು. ದಿಲ್ಲಿಯ ಪೀತಮ್‌ಪುರದಲ್ಲಿ ನಮ್ಮ ಕೆಳಗಿನ ಮನೆ ಅವರದು. ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್. ನಮ್ಮ ಕಡೆಗೆ ಮೆಟ್ರೊ ಬಂದ ಮೇಲೂ ಹಳೆಯ ರೇಸಿಂಗ್ ಸೈಕಲ್ಲಿನಲ್ಲೇ ಕಚೇರಿಗೆ ಹೋಗುತ್ತಿದ್ದರು.

ನಾನು ಫರೀದಾಬಾದಿನ ಒಂದು ರೇಸಿಗೆ ಹೆಸರು ಕೊಟ್ಟಿದ್ದೆ. ಸಾಮಾನು ಆರಿಸಲು ಅವರನ್ನು ಅಂಗಡಿಗೆ ಕರೆದೊಯ್ದದ್ದೇ ತಪ್ಪಾಯಿತು. ಮೂರು ಭಾನುವಾರ ಅಲೆದರೂ ಒಂದು ಗೇರೂ ಮನೆಗೆ ಬರಲಿಲ್ಲ.

“ಇಷ್ಟೊಂದು ಗೇರು ಯಾಕೆ? ದಿಲ್ಲೀಲಿ ನೀನು ಹತ್ತೋದು ಫ್ಲೈಓವರು. ಆ ದುಡ್ಡು ಟೈರಿಗೆ, ಬ್ರೇಕಿಗೆ ಹಾಕು.”

“ಹಗುರ ಚಕ್ರವಾದರೂ ತಗೋತೀನಿ, ರಾಯರೇ.”

“ಯಾಕೆ? ನೀನು ಎಂಬತ್ತೈದು ಕಿಲೋ ಇದ್ದೀಯ. ಕಡ್ಡಿ ಕಮ್ಮಿ ಇರೋ ಚಕ್ರ ಈ ಗುಂಡಿಗಳಿಗೆ ತಡೆಯಲ್ಲ. ಮೂವತ್ತಾರು ಕಡ್ಡೀದು ಹಾಕಿಸು. ಚಲೋ, ಹೋಗೋಣ.”

ಅಂಗಡಿಯವನ ಮುಂದೆ ನನ್ನ ತೂಕ ಹೇಳಿದ್ದಕ್ಕೆ ಮೈ ಉರಿದುಹೋಯಿತು. ಮರುದಿನ ಒಬ್ಬನೇ ಹೋಗಿ ಹಗುರ ಚಕ್ರಗಳನ್ನೇ ಕೊಂಡೆ. ಮೆಟ್ಟಿಲ ಬಳಿ ಎದುರಾದ ರಾಯರು ಒಂದು ಕಡ್ಡಿಯನ್ನು ಉಗುರಿನಿಂದ ಮೀಟಿ ನೋಡಿ, ಕನ್ನಡಕವನ್ನು ಹಣೆಗೇರಿಸದೆಯೇ ಒಳಗೆ ಹೋದರು. ಬೈದಿದ್ದರೇ ವಾಸಿಯಿತ್ತು.

ರೇಸಿನ ದಿನ ಅವರೂ ಸೈಕಲ್ ತುಳಿದುಕೊಂಡೇ ಫರೀದಾಬಾದಿಗೆ ಬಂದರು. ಶುರುವಾಗಲು ಅರ್ಧ ಗಂಟೆಯಿದ್ದಾಗ, ಮೈ ಬಿಸಿಯಾಗಲೆಂದು ಒಂದು ಸುತ್ತು ಹೊರಟ ನನ್ನ ಮುಂದಿನ ಚಕ್ರ ಗುಂಡಿಗೆ ಇಳಿದು ಹಪ್ಪಳದಂತೆ ಸೊಟ್ಟಗಾಯಿತು. ಅಳು ಬರುವುದೊಂದು ಬಾಕಿ. ರಾಯರು ತಮ್ಮ ಸೈಕಲ್ಲನ್ನು ತಲೆಕೆಳಗಾಗಿಸಿ, ಮುಂದಿನ ಚಕ್ರ ಬಿಚ್ಚಿ ನನ್ನದಕ್ಕೆ ಕೂರಿಸಿದರು.

“ಹೇಳಿದ್ನೋ ಇಲ್ಲವೋ?”

“ಹೇಳಿದ್ರಿ.”

“ಅಂಗಡೀಲಿ ಹೇಳಿದ್ನೋ ಇಲ್ಲವೋ?”

“ರಾಯರೇ, ರೇಸ್ ಶುರುವಾಗ್ತಿದೆ!”

“ಶುರುವಾಗ್ಲಿ. ಹೇಳಿದ್ನೋ ಇಲ್ಲವೋ?”

ಕೊನೆಯಿಂದ ನಾಲ್ಕನೆಯವನಾಗಿ ಗುರಿ ಮುಟ್ಟಿದೆ. ಅಲ್ಲಿ ನಿಂತಿದ್ದ ರಾಯರು ನನ್ನ ಮುಖ ನೋಡುವ ಮೊದಲು ಬಗ್ಗಿ ಚಕ್ರ ನೋಡಿದರು. ಎರಡೂ ಸೈಕಲ್ಲುಗಳನ್ನು ಟೆಂಪೋಗೆ ಹಾಕಿಕೊಂಡು ಪೀತಮ್‌ಪುರ ತಲುಪುವವರೆಗೂ ಅದೇ ಪ್ರಶ್ನೆ ಕೇಳುತ್ತಲೇ ಇದ್ದರು.

ನಿವೃತ್ತರಾಗಿ ಅವರು ಧಾರವಾಡಕ್ಕೆ ಹೊರಟ ದಿನ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋಗಿದ್ದೆ. ರೈಲು ಅಲುಗಾಡಿದಾಗ ಕಿಟಕಿಯಿಂದ ಕೂಗಿದರು: “ಚೈನ್ ಸವೆದಿದೆ ಅಂದಿದ್ನಲ್ಲ, ಬದಲಾಯಿಸಿದೆಯಾ?”

“ಹೂಂ!” ಎಂದೆ.

“ಸುಳ್ಳು!” ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸ್ಟೇಷನ್ನಿನಿಂದ ನೇರವಾಗಿ ಅಂಗಡಿಗೆ ಹೋಗಿ ಚೈನ್ ಕೊಂಡೆ.