ಬೋರ್ಡಿನ ಮೇಲಿನ ಮುದ್ದೆ

ಸ್ನೇಹಿತರೇ, ಇವತ್ತು ಕನಕಪುರದ ನಮ್ಮ ಮೆಸ್ಸಿಗೆ ಹೊಸ ಬೋರ್ಡ್ ಬರೆಸಿದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮುಚ್ಚಿದ್ದ ಬಾಗಿಲನ್ನು ಈ ವಾರವಷ್ಟೇ ತೆಗೆದಿದ್ದೇನೆ.

ತಟ್ಟೆ, ಮುದ್ದೆ, ಸೊಪ್ಪಿನ ಸಾರು, ಹಬೆ ಎಲ್ಲವೂ ಚಿತ್ರದಲ್ಲಿರಲಿ ಎಂದೆ. ಪೇಂಟರ್ ಪುಟ್ಟರಾಜು ಒಪ್ಪಲಿಲ್ಲ. "ಅಷ್ಟೆಲ್ಲಾ ಬರುದ್ರೆ ಬಸ್ಸಲ್ಲಿ ಹೋಗೋರ್ಗೆ ಏನೂ ಕಾಣಕಿಲ್ಲ ಕಣಕ್ಕ" ಎಂದು ಕಂದು ಬಣ್ಣದಲ್ಲಿ ಒಂದು ಸೊನ್ನೆ ಬಳಿದ.

ಎದುರಿನ ಸೈಕಲ್ ಶಾಪಿನ ಮಾದಣ್ಣ ಬಂದು ನೋಡಿ, "ಏನ್ಲಾ ಇದು, ಅಕ್ಕ ಚೆಂಡಿನಂಗಡಿ ಮಡಗವ್ಳಾ?" ಎಂದ.

ಪುಟ್ಟರಾಜು ನನ್ನ ಕಡೆ ತಿರುಗಿದ. "ನಿಮ್ ಮುದ್ದೇಲಿ ಬೇರೆಲ್ಲೂ ಇಲ್ದೇ ಇರೋದು ಏನೈತೆ, ಒಂದೇ ಒಂದು ಹೇಳಕ್ಕ."

ಸಾರು ನಿಲ್ಲಲಿ ಎಂದು ಯಜಮಾನರು ಪ್ರತಿ ಮುದ್ದೆಯ ನೆತ್ತಿಗೂ ಹೆಬ್ಬೆರಳು ಒತ್ತುತ್ತಿದ್ದರು. "ಸೈನ್ ಹಾಕಕ್ಕೆ ಬರಲ್ವಾ, ಹೆಬ್ಬೆಟ್ಟು ಒತ್ತೀರಲ್ಲ" ಎಂದು ನಾನು ರೇಗಿಸುತ್ತಿದ್ದೆ. ಅದನ್ನೇ ಹೇಳಿದೆ. ಅವನು ಸೊನ್ನೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಗುಳಿ ತಿದ್ದಿದ.

ಮಾದಣ್ಣ ಗುಳಿ ನೋಡಿದವನೇ, "ಅಣ್ಣಂದೇ ಮುದ್ದೆ" ಎಂದು ಊಟಕ್ಕೆ ಕೂತ. ನಾನು ಬಡಿಸಿದ್ದನ್ನು ನೋಡಿ ತಟ್ಟೆಯನ್ನು ಹಿಂದಕ್ಕೆ ತಳ್ಳಿದ.

"ಬೋರ್ಡಲ್ಲಿ ಗುಳಿ ಐತೆ, ಇದ್ರಲ್ಲಿ ಎಲ್ಲಕ್ಕ?"

ಎಸ್ಸೆಸ್ಸೆಲ್ಸಿ ಪಾಸಾದ ನಾನೂ ಇವತ್ತಿನಿಂದ ಹೆಬ್ಬೆಟ್ಟು.