ಕಲಮಪ್ಪ ಒತ್ತಿದ ಒಪ್ಪಿಗೆ

ಆ ಹೆಸರಿಟ್ಟವಳು ಅವನ ಹೆಂಡತಿಯೇ. ಹೊಸದಾಗಿ ತಂದ ಇಸ್ತ್ರಿಪೆಟ್ಟಿಗೆ ಎರಡೇ ದಿನಕ್ಕೆ ಕೆಟ್ಟು ಕೂತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ಹೋಗಿ ನಾಲ್ಕು ಮಾತು ಬೈದು ಬದಲಾಯಿಸಿಕೊಂಡು ಬರುತ್ತಿದ್ದರು. ಇವನು ಡಬ್ಬದೊಳಗಿನ ಕಾಗದ ಬಿಡಿಸಿ, ‘ಕಲಂ ಐದು, ಉಪಕಲಂ ಎರಡು’ ಎಂದು ಜೋರಾಗಿ ಓದುತ್ತ ಕುಳಿತ. ಸುಕ್ಕುಗಟ್ಟಿದ ಅಂಗಿಯಲ್ಲೇ ಒಂದು ತಿಂಗಳು ಕೆಲಸಕ್ಕೆ ಹೋದ. ಕೊನೆಗೆ ಹೊಸ ಪೆಟ್ಟಿಗೆ ಬಂತು, ಜೊತೆಗೆ ಕಂಪನಿಯ ಕ್ಷಮಾಪತ್ರವೂ ಬಂತು. ಪತ್ರಕ್ಕೆ ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿದ. ಅಂದಿನಿಂದ ಅವನು ಮನೆಯಲ್ಲೂ ಬೀದಿಯಲ್ಲೂ ಕಲಮಪ್ಪ.

ಕೆಲಸ ಕನ್ನಡಕದ ಅಂಗಡಿಯಲ್ಲಿ. ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು. ಉಜ್ಜುವ ಯಂತ್ರದಿಂದ ಹಾಲಿನಂಥ ನೀರು ಹರಿಯುತ್ತಿರುತ್ತದೆ, ಬೆರಳ ಸಂದಿಯಲ್ಲೆಲ್ಲ ಬಿಳಿ ಪುಡಿ. ತೆಳು ಹಲಗೆಯ ಆಚೆ ಕಣ್ಣು ಪರೀಕ್ಷೆ ಮಾಡುವವರು ಬೆಳಗಿಂದ ಸಂಜೆಯವರೆಗೆ ಒಂದೇ ಪ್ರಶ್ನೆ ಕೇಳುತ್ತಿರುತ್ತಾರೆ: “ಇದು ಚೆನ್ನಾಗಿ ಕಾಣುತ್ತಾ, ಅದಾ?” ಅರ್ಧಕ್ಕರ್ಧ ಗಿರಾಕಿಗಳು “ಎರಡೂ ಒಂದೇ ಥರ ಇದೆಯಲ್ಲ ಸಾರ್” ಎನ್ನುತ್ತಾರೆ. ಇದನ್ನು ಕೇಳಿದಾಗಲೆಲ್ಲ ಕಲಮಪ್ಪನಿಗೆ ಮೈ ಉರಿಯುತ್ತಿತ್ತು. ಒಂದು ಸರಿ ಇರಬೇಕು, ಇನ್ನೊಂದು ತಪ್ಪಿರಬೇಕು, ಹೇಳುವುದಕ್ಕೇನು ಧಾಡಿ ಎಂದು ಗೊಣಗಿಕೊಳ್ಳುತ್ತಿದ್ದ.

ಅವನ ನಿಜವಾದ ಬದುಕು ಇದ್ದದ್ದು ಫೋನಿನೊಳಗಿನ ಒಂದು ಚರ್ಚಾಕಟ್ಟೆಯಲ್ಲಿ. ತಂತ್ರಜ್ಞಾನ, ಗ್ರಾಹಕರ ಹಕ್ಕು, ಕಾನೂನು, ವಿಜ್ಞಾನ ಎಂದು ಅಲ್ಲಿ ನಾಲ್ಕು ಕೋಣೆ. ನಾಲ್ಕರಲ್ಲೂ ಇವನ ಓಡಾಟ. ಅಲ್ಲಿ ಇವನ ಹೆಸರು ‘ಸಾಕ್ಷಿ ಎಲ್ಲಿ’. ಯಾರು ಏನೇ ಹೇಳಲಿ, ಇವನ ಮೊದಲ ಉತ್ತರವೂ ಅದೇ. ಫೋನಿನ ಬ್ಯಾಟರಿ ರಾತ್ರಿಯಿಡೀ ಚಾರ್ಜಿಗಿಟ್ಟರೆ ಹಾಳಾಗುತ್ತದೆಯೇ, ಬಿಲ್ಲು ಕಳೆದುಹೋದರೆ ವಾರಂಟಿ ಉಳಿಯುತ್ತದೆಯೇ, ಯಾವುದನ್ನೂ ಬಿಟ್ಟವನಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ‘ನನಗೆ ಗೊತ್ತಿಲ್ಲ’ ಎಂದು ಬರೆದವನಲ್ಲ. ಅವನ ಹಳೆಯ ಎದುರಾಳಿ ‘ಹಳೇ ರೇಡಿಯೋ’ ಎಂಬ ಹೆಸರಿನವರು. ಗಂಡೋ ಹೆಣ್ಣೋ, ಮುದುಕರೋ ಹುಡುಗರೋ ಯಾರಿಗೂ ತಿಳಿಯದು. ಇಬ್ಬರೂ ಎಷ್ಟು ಕಿತ್ತಾಡಿದ್ದರೆಂದರೆ, ಹಳೇ ರೇಡಿಯೋ ಎರಡು ದಿನ ಕಾಣಿಸದಿದ್ದರೆ ಕಲಮಪ್ಪನಿಗೆ ಊಟ ರುಚಿಸುತ್ತಿರಲಿಲ್ಲ.

ಮನೆಯ ಮಹಡಿಯ ಮೇಲೆ ಅಕ್ಕ ಇದ್ದಳು. ಅವನಿಗಿಂತ ಎಂಟು ವರ್ಷ ದೊಡ್ಡವಳು. ಐವತ್ತು ದಾಟಿದ ತಮ್ಮನನ್ನು ಈಗಲೂ ‘ಪುಟ್ಟ’ ಎಂದೇ ಕರೆಯುವವಳು. ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ನಾಲ್ಕು ವರ್ಷದ ಹಿಂದೆ ಎರಡೂ ಕಿವಿ ಮಂದವಾದಾಗ ಕಿವಿಯ ಯಂತ್ರ ಹಾಕಿಸಿಕೊಂಡಳು. ಫೋನಿನ ಆ್ಯಪ್‌ ಮೂಲಕ ಹೇಳಿದಂತೆ ಕೇಳುವ ಯಂತ್ರ. ಅದು ಬಂದ ಮೇಲೆ ಅಕ್ಕನ ಮುಖವೇ ಬೇರೆಯಾಗಿತ್ತು, ಮೂಲೆಯಲ್ಲಿ ಮಗು ಪೆನ್ಸಿಲ್ ಬೀಳಿಸಿದರೂ ತಿರುಗಿ ನೋಡುತ್ತಿದ್ದಳು.

ಈಚೆಗೆ ಏನೋ ಆಯಿತು. ದೊಡ್ಡವರ ಮಾತು ಕೇಳುತ್ತಿತ್ತು, ಬಸ್ಸಿನ ಸದ್ದು ಕೇಳುತ್ತಿತ್ತು, ಮಕ್ಕಳ ದನಿ ಮಾತ್ರ ಮಾಯ! ಮಕ್ಕಳು ಬಾಯಿ ತೆರೆಯುವುದು ಕಾಣುತ್ತಿತ್ತು, ಆಚೆಗೆ ಸದ್ದೇ ಇರಲಿಲ್ಲ. ಒಂದು ಬೆಳಿಗ್ಗೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಬಚ್ಚಲುಮನೆಯೊಳಗೆ ಸಿಕ್ಕಿಹಾಕಿಕೊಂಡು ಕಿರುಚಿಕೊಂಡಳು. ಬಾಗಿಲಿನಿಂದ ಎರಡೇ ಹೆಜ್ಜೆ ದೂರದಲ್ಲಿ ಅಕ್ಕ ಗೋಡೆಗೆ ಬಣ್ಣದ ಚಿತ್ರ ಅಂಟಿಸುತ್ತ ನಿಂತಿದ್ದಳು. ಓಡಿ ಬಂದು ಬಾಗಿಲು ತೆಗೆದವರು ಪಕ್ಕದ ತರಗತಿಯ ಟೀಚರು. ಹೆಡ್‌ಮೇಡಂ ಒಳ್ಳೆಯವರೇ, ಆದರೂ ಹೇಳಿಯೇಬಿಟ್ಟರು: “ತಿಂಗಳ ಕೊನೆಯವರೆಗೆ ನೋಡೋಣ ಟೀಚರ್. ಸರಿಹೋಗದಿದ್ರೆ ಮಕ್ಕಳನ್ನ ನಿಮ್ಮ ಕೈಗೆ ಕೊಡೋಕೆ ನನಗೆ ಧೈರ್ಯ ಬರಲ್ಲ.” ತಿಂಗಳು ಮುಗಿಯಲು ಹದಿನಾರು ದಿನ ಉಳಿದಿತ್ತು.

ಕಲಮಪ್ಪ ತೊಡೆ ತಟ್ಟಿದ. ಇಂಥ ಕೇಸಿಗಾಗಿಯೇ ಹುಟ್ಟಿದವನಂತೆ ಕಂಪನಿಗೆ ಆರು ಪುಟದ ಪತ್ರ ಬರೆದ. ಮಕ್ಕಳ ದನಿಯ ಕಂಪನ ಇಷ್ಟು, ಯಂತ್ರದ ‘ಕೀ’ ಎನ್ನುವ ಸಿಳ್ಳಿನ ಕಂಪನ ಇಷ್ಟು, ಆ್ಯಪ್‌ನಲ್ಲಿ ಬಂದ ನಿಮ್ಮ ಹೊಸ ಅಪ್‌ಡೇಟು ಮಕ್ಕಳ ದನಿಯನ್ನೇ ಸಿಳ್ಳು ಎಂದು ತಿಳಿದು ಅದುಮಿಹಾಕುತ್ತಿದೆ, ಹಳೆಯದನ್ನೇ ಮರಳಿ ಹಾಕಿಕೊಡಿ ಎಂದು ವಿಜ್ಞಾನವನ್ನೂ ಕಾನೂನನ್ನೂ ಒಟ್ಟಿಗೆ ಅರೆದು ಕುಡಿಸಿದ. ಐದನೆಯ ದಿನ ಉತ್ತರ ಬಂತು. ನಾಲ್ಕೇ ಸಾಲು. ಹೊಸ ಆವೃತ್ತಿಯಲ್ಲಿ ದೋಷವಿಲ್ಲ, ಅದು ಇರಬೇಕಾದದ್ದೇ ಹಾಗೆ. ಹಳೆಯದಕ್ಕೆ ಮರಳುವ ಅವಕಾಶವಿಲ್ಲವೆಂದು ಷರತ್ತಿನಲ್ಲೇ ತಿಳಿಸಲಾಗಿದೆ. ಹೋದ ತಿಂಗಳ ಹನ್ನೆರಡನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಗ್ರಾಹಕರು ‘ಓದಿದ್ದೇನೆ, ಒಪ್ಪಿದ್ದೇನೆ’ ಎಂದು ಒತ್ತಿದ್ದಾರೆ.

“ಅಕ್ಕ, ನೀನು ಒಪ್ಪಿಗೆ ಒತ್ತಿದ್ಯಾ?” ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗಿದ.

ಅಕ್ಕ ಕಣ್ಣು ಪಿಳಿಪಿಳಿ ಬಿಟ್ಟಳು. “ಒತ್ತಿರ್ಬೇಕು ಕಣೋ. ನೆನಪಿಲ್ಲ. ಏನೇನೋ ಕೇಳುತ್ತೆ ಅದು.”

“ಓದದೆ ಒತ್ತೋದಾ? ನಾನು ಎಷ್ಟು ಸಲ ಬಡ್ಕೊಂಡಿದೀನಿ!” ಎಂದು ರೇಗಿ, ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದವನೇ ಕಟ್ಟೆಗೆ ಹೋದ. ‘ನನ್ನ ಪರಿಚಯದ ಒಬ್ಬ ಹೆಂಗಸಿಗೆ’ ಎಂದು ಶುರುಮಾಡಿ ಎಲ್ಲ ಬರೆದು, ದಾರಿ ಕೇಳಿದ. ದಾರಿ ಕೇಳುವುದು ಅವನಿಗೆ ಹೊಸದು. ಸಂಜೆಯೊಳಗೆ ಹನ್ನೆರಡು ದಾರಿಗಳು ಬಂದವು. ಒತ್ತಿದ ಮೇಲೆ ಮುಗೀತು ಎಂದವರೊಬ್ಬರು. ಅನ್ಯಾಯದ ಷರತ್ತು ಒತ್ತಿದರೂ ಸಲ್ಲದು ಎಂದವರು ಇನ್ನೊಬ್ಬರು. ಕಿವಿಯ ಯಂತ್ರ ಔಷಧವಿದ್ದಂತೆ, ವೈದ್ಯರ ಚೀಟಿ ಇಲ್ಲದೆ ಬದಲಿಸುವ ಹಾಗೇ ಇಲ್ಲ ಎಂದವರು ಮತ್ತೊಬ್ಬರು. ಯಾರೋ ಪುಣ್ಯಾತ್ಮರು ‘ಈ ಬಗ್ಗೆ ನಮ್ಮ ಕಟ್ಟೆಯ ಹಿರಿಯರೇ ಬರೆದಿದ್ದಾರೆ, ನೋಡಿ’ ಎಂದು ಹಳೆಯ ಉತ್ತರವೊಂದನ್ನು ಎತ್ತಿ ಅಂಟಿಸಿದ್ದರು. ‘ಓದದೆ ಒಪ್ಪಿಗೆ ಒತ್ತುವುದು ಅಪರಾಧವಲ್ಲ. ಆದರೆ ಹಾಗೆ ಒತ್ತಿದವರಿಗೆ ಆಮೇಲೆ ಅಳುವ ಹಕ್ಕಿಲ್ಲ. — ಸಾಕ್ಷಿ ಎಲ್ಲಿ.’ ಇನ್ನೂರ ಹದಿನಾಲ್ಕು ಜನ ಅದನ್ನು ಮೆಚ್ಚಿದ್ದರು.

ಕಲಮಪ್ಪ ಮೊದಲು ಹಿಗ್ಗಿದ, ಎಷ್ಟು ಚೆನ್ನಾಗಿ ಬರೆದಿದ್ದೇನಲ್ಲ ಎಂದು. ಆಮೇಲೆ ಕುಗ್ಗಿದ. ಅಷ್ಟರಲ್ಲಿ ಹಳೇ ರೇಡಿಯೋ ಒಂದೇ ಸಾಲು ಬರೆದರು: ‘ಹತ್ತು ನಲವತ್ತೆರಡಕ್ಕೆ ಆ ಫೋನು ಯಾರ ಕೈಯಲ್ಲಿತ್ತು?’

ಎಂಥ ಪೆದ್ದು ಪ್ರಶ್ನೆ, ಅಕ್ಕನ ಫೋನು ಅಕ್ಕನ ಕೈಯಲ್ಲೇ, ಎಂದು ಟೈಪು ಮಾಡಲು ಹೊರಟವನ ಬೆರಳು ನಿಂತಿತು. ಹತ್ತು ನಲವತ್ತೆರಡಕ್ಕೆ ಅಕ್ಕ ತರಗತಿಯಲ್ಲಿರುತ್ತಾಳೆ. ಅಲ್ಲಿ ಟೀಚರುಗಳು ಫೋನು ಮುಟ್ಟುವಂತಿಲ್ಲ. ಹನ್ನೆರಡನೇ ತಾರೀಖು. ಅವತ್ತು ಬೆಳಿಗ್ಗೆ ಅಕ್ಕ ಅಂಗಡಿಯ ಮುಂದೆ ನಿಂತು, “ಪುಟ್ಟ, ಇದು ನಿನ್ನೆಯಿಂದ ಮಿಣಕ್ ಮಿಣಕ್ ಅಂತಿದೆ, ಏನು ಅಂತ ನೋಡಿ ಸಂಜೆ ಕೊಡು” ಎಂದು ಫೋನು ಕೊಟ್ಟು ಹೋಗಿದ್ದಳಲ್ಲ?

ಅವನು ತನ್ನ ಆ ಹಳೆಯ ಉತ್ತರವನ್ನು ಮತ್ತೆ ತೆರೆದು ಕೆಳಗಿನ ಸಣ್ಣಕ್ಷರ ನೋಡಿದ. ಹನ್ನೆರಡನೇ ತಾರೀಖು. ಹತ್ತು ಗಂಟೆ ನಲವತ್ತಮೂರು ನಿಮಿಷ.

ಎಲ್ಲ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಯಂತ್ರ ಗರಗರ ಎನ್ನುತ್ತಿತ್ತು. ಎಡಗೈಯಲ್ಲಿ ಅಕ್ಕನ ಫೋನು, ಬಲಗೈಯಲ್ಲಿ ತನ್ನದು. ಬಲಗೈಯ ಫೋನಿನಲ್ಲಿ ಹಳೇ ರೇಡಿಯೋ ಜೊತೆ ಜಗಳ ಕಾವೇರಿತ್ತು. ಜನಕ್ಕೆ ಅಷ್ಟುದ್ದ ಷರತ್ತು ಓದಲು ಪುರುಸೊತ್ತೆಲ್ಲಿ ಎಂದು ಅವರು, ಓದಲೇಬೇಕು ಎಂದು ಇವನು. ಎಡಗೈಯ ಫೋನು ಏನೋ ಕೇಳಿ ಅಡ್ಡ ಬರುತ್ತಿತ್ತು. ಹೆಬ್ಬೆರಳಿನಿಂದ ಒತ್ತಿ ಅದರ ಬಾಯಿ ಮುಚ್ಚಿಸಿ, ಬಲಗೈಯಲ್ಲಿ ಆ ಮಹಾವಾಕ್ಯ ಬರೆದು ಕಳಿಸಿದ್ದ. ಸಂಜೆ ಫೋನು ಅಕ್ಕನ ಕೈ ಸೇರಿದ ಮೇಲೆ ಅದು ತಾನಾಗಿಯೇ ಕಿವಿಯ ಯಂತ್ರಕ್ಕೆ ಹೊಸ ಬುದ್ಧಿ ತುಂಬಿತ್ತು.

ಕಲಮಪ್ಪ ಕಕ್ಕಾಬಿಕ್ಕಿಯಾದ. ಒತ್ತಿದ್ದು ಅಕ್ಕನಲ್ಲ ಎಂದ ಮೇಲೆ ಒಪ್ಪಿಗೆ ಬಿದ್ದುಹೋಗುತ್ತದೆ, ಅಕ್ಕ ಗೆಲ್ಲುತ್ತಾಳೆ. ಆದರೆ ಫೋನು ಕೊಟ್ಟು ‘ನೋಡು’ ಎಂದವಳು ಅಕ್ಕನೇ, ಅಂದರೆ ತಾನು ಒತ್ತಿದ್ದೂ ಅವಳ ಪರವಾಗಿಯೇ, ಆಗ ಅಕ್ಕ ಸೋಲುತ್ತಾಳೆ. ತಾನು ಸಾಕ್ಷಿಯೋ, ಆರೋಪಿಯೋ, ವಕೀಲನೋ? ಹಲಗೆಯ ಆಚೆಯಿಂದ ಯಾರೋ “ಎರಡೂ ಒಂದೇ ಥರ ಇದೆ ಸಾರ್” ಎಂದರು. ಮೊದಲ ಬಾರಿಗೆ ಅವನಿಗೆ ಆ ಗಿರಾಕಿಯ ಮೇಲೆ ಸಿಟ್ಟು ಬರಲಿಲ್ಲ. ಕೈಯಲ್ಲಿದ್ದ ಗಾಜು ಒಂದು ಸುತ್ತು ಹೆಚ್ಚು ಉಜ್ಜಿ ಹೋಗಿ ಫ್ರೇಮಿಗೆ ಕೂರದೆ ಕಳಚಿ ಬಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ನಗಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. “ಅತ್ತಿಗೆ ಹತ್ರ ಹೋಗಿ ಹೇಳಿ. ಕಲಂ ಗಿಲಂ ಏನೂ ಸೇರಿಸ್ಬೇಡಿ” ಎಂದಳು ಅಷ್ಟೇ.

ಅಕ್ಕ ಮಹಡಿಯ ಕಿಟಕಿಯ ಬಳಿ ರಟ್ಟಿನಲ್ಲಿ ಆನೆಗಳನ್ನು ಕತ್ತರಿಸುತ್ತಿದ್ದಳು. ಕಲಮಪ್ಪ ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಹೇಳಿದ.

“ಏನೋ? ಮುಖ ಎತ್ತಿ ಹೇಳು.”

ಸ್ವಲ್ಪ ಜೋರಾಗಿ ಹೇಳಿದ. ಅವನ ದನಿ ನಾಚಿಕೆಯಿಂದ ಸಣ್ಣಮಗುವಿನ ದನಿಯಷ್ಟು ತೆಳುವಾಗಿತ್ತೋ ಏನೋ, ಅಕ್ಕ ಮತ್ತೆ “ಆಂ?” ಎಂದಳು.

“ನಾನೇ ಒತ್ತಿದ್ದು ಅಕ್ಕ! ಓದದೆ! ನಾನೇ!” ಎಂದು ಕಿರುಚಿದ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

ಅಕ್ಕ ಕತ್ತರಿ ಕೆಳಗಿಟ್ಟಳು. ಬೈಯಬಹುದು ಎಂದು ಕಾದ. ಅವಳ ಕಣ್ಣಲ್ಲಿ ನೀರು ಬಂತು. “ಅಯ್ಯೋ, ನಾನಲ್ವಾ? ನನಗೆ ವಯಸ್ಸಾಯ್ತು, ತಲೆ ಹೋಯ್ತು, ನನ್ನ ಕೈಯಾರೆ ಹಾಳುಮಾಡ್ಕೊಂಡೆ ಅಂತ ನನ್ನನ್ನೇ ಬೈಕೊಳ್ತಿದ್ದೆ ಕಣೋ. ಆ ಮಗು ಅತ್ತಿದ್ದು ನನ್ನ ತಪ್ಪು ಅಂತ...” ಎಂದವಳು ಅವನ ಕಿವಿ ಹಿಡಿದು ಚೆನ್ನಾಗಿ ಹಿಂಡಿದಳು. “ಇಷ್ಟು ದಿನ ಬಾಯಿಗೆ ಏನು ತುರ್ಕೊಂಡಿದ್ದೆ?”

“ನನಗೂ ಇವತ್ತೇ ಗೊತ್ತಾಗಿದ್ದು” ಎಂದ. ನಿಜ ಹೇಳಿದರೂ ಅದು ಸುಳ್ಳಿನಂತೆ ಕೇಳಿಸಿತು. ಓದದೆ ಒತ್ತಿದ್ದಕ್ಕಿಂತ, ಮೆಟ್ಟಿಲ ಕೆಳಗೆ ನಿಂತು ಅಕ್ಕನ ಮೇಲೆ ರೇಗಿದ್ದು ಅವನನ್ನು ಹೆಚ್ಚು ನೋಯಿಸಿತು.

ಮರುದಿನ ಇಬ್ಬರೂ ಗ್ರಾಹಕರ ದೂರು ಕಚೇರಿಗೆ ಹೋದರು. ಅಕ್ಕನ ಶಾಲೆಯ ಹಾಜರಿ ಪುಸ್ತಕದ ನಕಲು, ಕಂಪನಿಯ ನಾಲ್ಕು ಸಾಲು, ಅವನದೇ ಹೇಳಿಕೆ, ಜೊತೆಗೆ ಆ ಸಮಯಕ್ಕೆ ತಾನೇ ಫೋನು ಒತ್ತುತ್ತ ಕೂತಿದ್ದೆ ಎನ್ನುವುದಕ್ಕೆ ಪುರಾವೆಯಾಗಿ ಆ ಮಹಾವಾಕ್ಯದ ಪ್ರಿಂಟು. ಕಚೇರಿಯ ಮೇಡಂ ಕಾಗದಗಳನ್ನು ಹಿಂದೆ ಮುಂದೆ ತಿರುಗಿಸಿದರು.

“ಈ ‘ಸಾಕ್ಷಿ ಎಲ್ಲಿ’ ಅನ್ನೋರು ಯಾರು?”

“ನಾನೇ.”

“ಓದದೆ ಒತ್ತಿದವರಿಗೆ ಅಳೋ ಹಕ್ಕಿಲ್ಲ ಅಂತ ಬರೆದಿದೀರಿ. ಅದಕ್ಕೆ ಒಂದು ನಿಮಿಷ ಮುಂಚೆ ನೀವೇ ಓದದೆ ಒತ್ತಿದೀರಿ. ಈಗ ಅಳೋಕೆ ಬಂದಿದೀರಿ. ನೀವು ಬರೆದದ್ದು ಸರೀನಾ, ತಪ್ಪಾ?”

ಕಲಮಪ್ಪನ ಬಾಯಲ್ಲಿ ಹನ್ನೊಂದು ವರ್ಷದ ಉತ್ತರಗಳೆಲ್ಲ ಒಟ್ಟಿಗೆ ನುಗ್ಗಿ ಬಾಗಿಲಲ್ಲೇ ಸಿಕ್ಕಿಕೊಂಡವು. “ಗೊತ್ತಿಲ್ಲ ಮೇಡಂ” ಎಂದ.

“ಏನಂದೆ?” ಅಕ್ಕ ಅವನ ತುಟಿಯನ್ನೇ ನೋಡುತ್ತಿದ್ದಳು.

“ಗೊತ್ತಿಲ್ಲ ಅಂದೆ!” ಎಂದು ಕೂಗಿ ಹೇಳಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಡಂ ಅದನ್ನೂ ಬರೆದುಕೊಂಡರು.

ಕಚೇರಿಯ ನೋಟೀಸು ಹೋದ ನಾಲ್ಕನೆಯ ದಿನ ಕಂಪನಿಯವರು ಹಳೆಯ ಆವೃತ್ತಿಯನ್ನು ಮರಳಿಸಿದರು. ‘ನಮ್ಮ ತಪ್ಪೇನೂ ಇಲ್ಲ, ವಿಶೇಷ ಪ್ರಕರಣವೆಂದು ಮಾತ್ರ’ ಎಂದು ಕಾಗದ. ತಿಂಗಳು ಮುಗಿಯಲು ಇನ್ನೂ ಮೂರು ದಿನವಿತ್ತು. ಕಲಮಪ್ಪ ಕೆಲಸಕ್ಕೆ ತಡವಾದರೂ ಚಿಂತೆಯಿಲ್ಲವೆಂದು ಶಾಲೆಯ ಗೇಟಿನಲ್ಲಿ ನಿಂತ. ಅಕ್ಕನ ಬೆನ್ನ ಹಿಂದಿನಿಂದ ಯಾವುದೋ ಮಗು ಪೀಚು ದನಿಯಲ್ಲಿ “ಟೀಚರ್” ಎಂದಿತು. ಅಕ್ಕ ಗಕ್ಕನೆ ತಿರುಗಿದಳು. ಅವನಿಗೆ ಕಣ್ಣು ಮಂಜಾಗಿ ಮುಂದಿನದು ಕಾಣಲಿಲ್ಲ. ಸರಿ ಯಾರದ್ದು, ತಪ್ಪು ಯಾರದ್ದು ಎಂದು ಮಾತ್ರ ಕಂಪನಿಯ ಆ ಕಾಗದವನ್ನು ಎಷ್ಟು ಸಲ ಓದಿದರೂ ಬಗೆಹರಿಯಲಿಲ್ಲ. ಅದಕ್ಕೆ ಫ್ರೇಮು ಹಾಕಿಸಲಿಲ್ಲ.

ಎರಡು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಅಕ್ಕ ಫೋನು ಹಿಡಿದು ಮೆಟ್ಟಿಲಿಳಿದು ಬಂದಳು.

“ಪುಟ್ಟ, ಮತ್ತೆ ಮಿಣಕ್ ಮಿಣಕ್ ಅಂತಿದೆ. ಒಪ್ಪಿಗೆ ಕೇಳ್ತಿದೆ. ಒತ್ಲಾ?”

“ಮುಟ್ಟಬೇಡ!” ಎಂದು ಹಾರಿ ಬಿದ್ದು ಫೋನು ತೆಗೆದುಕೊಂಡ. ತನ್ನ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಒಳಗಿಡಲು ಹೇಳಿದ. ಕನ್ನಡಕ ಒರೆಸಿಕೊಂಡು ನಲವತ್ತೊಂದು ಪುಟಗಳನ್ನು ಮೊದಲಕ್ಷರದಿಂದ ಓದಿದ. ಹದಿನೇಳನೇ ಪುಟವನ್ನು ಮೂರು ಸಲ ಓದಿದ. ಅಕ್ಕ ಎದುರಿಗೆ ಕೈ ಕಟ್ಟಿ ಕೂತು ಕಾದಳು. ಮಧ್ಯಾಹ್ನದ ಹೊತ್ತಿಗೆ ಓದಿ ಮುಗಿಯಿತು.

“ಏನಂತೆ?” ಎಂದಳು.

“ಎಲ್ಲ ಓದ್ದೆ ಅಕ್ಕ. ಒತ್ತಿದ್ರೆ ಏನಾಗುತ್ತೆ ಗೊತ್ತಾಗ್ಲಿಲ್ಲ. ಒತ್ತದಿದ್ರೆ ಏನಾಗುತ್ತೆ ಅದೂ ಗೊತ್ತಾಗ್ಲಿಲ್ಲ.”

ಅವನು ಇದನ್ನು ಮೆಲ್ಲಗೇ ಹೇಳಿದ್ದ, ಅಕ್ಕನಿಗೆ ಒಂದೊಂದು ಅಕ್ಷರವೂ ಕೇಳಿಸಿತು. ಅವಳು ಫೋನನ್ನು ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿದಳು. ಇಬ್ಬರೂ ಅದನ್ನು ನೋಡುತ್ತ ಕೂತರು. ಅಂಚಿನಿಂದ ಬೆಳಕು ಇನ್ನೂ ಮಿಣುಕುತ್ತಿತ್ತು.