ಹೆಸರಿಡದ ಮಗುವಿಗೆ ಒಂದು ಸಾಲು

ಬೆಳಗಿನ ಐದೂವರೆ. ನ್ಯಾಯಾಲಯದ ನೆಲಮಹಡಿಯ ಕೋಣೆಯಲ್ಲಿ ಟೈಪಿಸ್ಟ್ ಅಕ್ಕನ ಜತೆ ಎಚ್ಚರವಿರುವುದು ಪ್ರಿಂಟರ್ ಒಂದೇ. ಅದರ ಎಚ್ಚರವೂ ಅಷ್ಟಕ್ಕಷ್ಟೆ. ಬದಿಗೆ ಎರಡು ಏಟು ಬೀಳದೆ ಕಾಗದ ಮುಟ್ಟುವುದಿಲ್ಲ. ಬೆಂಚಿನ ಮೇಲೆ ಮಕ್ಕಳ ರಕ್ಷಣಾಧಿಕಾರಿ ಕೂತಲ್ಲೇ ತೂಕಡಿಸುತ್ತಿದ್ದಾರೆ. ಅವರು ತಂದ ಅರ್ಜಿಯ ಪ್ರಕಾರ ಒಂದು ಮನೆಯಲ್ಲಿ ಇಬ್ಬರು ಮಕ್ಕಳಿಗೆ ಏಟು ಬೀಳುತ್ತಿದೆ, ತಾಯಿ ಬಾಗಿಲು ತೆಗೆಯುತ್ತಿಲ್ಲ. ಹೊಡೆಯುವ ಅಪ್ಪ ಪಾಳಿ ಮುಗಿಸಿ ಏಳಕ್ಕೆ ಬರುತ್ತಾನೆ. ಅಷ್ಟರೊಳಗೆ ಮಕ್ಕಳು ಹೊರಗೆ ಬರಬೇಕು.

"ಸರ್, ಹೆಸರಿಡದೇ ಇರೋ ಮಗು ಯಾವುದಾದ್ರೂ ಇದೆಯಾ ಆ ಮನೇಲಿ?" ಅಕ್ಕ ಅವರನ್ನು ಎಬ್ಬಿಸಿ ಕೇಳುತ್ತಾರೆ.

"ಇಬ್ಬರು ಅಂತ ಬರೆದಿದ್ದೀನಲ್ಲಮ್ಮ."

"ಬರೆದಿದ್ದು ಓದಿದೆ. ದೂರು ಕೊಟ್ಟ ಪಕ್ಕದ್ಮನೆ ಅಜ್ಜಿಗೊಂದು ಫೋನ್ ಮಾಡಿ."

ಅಧಿಕಾರಿ ಗೊಣಗುತ್ತಾ ಹೊರಗೆ ಹೋಗುತ್ತಾರೆ.

ತುರ್ತು ರಕ್ಷಣಾ ಆದೇಶವೆಂದರೆ ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಮೂರು ದಿನದ ಮಟ್ಟಿಗೆ ಎತ್ತಿಕೊಂಡು ಬರಲು ಅನುಮತಿ ಕೊಡುವ ಕಾಗದ. ವಾರಕ್ಕೆ ಮೂರೋ ನಾಲ್ಕೋ. ಹತ್ತೊಂಬತ್ತು ವರ್ಷಗಳಿಂದ ಅಕ್ಕ ಅದನ್ನು ಟೈಪು ಮಾಡುತ್ತಿದ್ದಾರೆ. ಒಂದು ಮಗುವಿನ ಮುಖವನ್ನೂ ನೋಡಿಲ್ಲ. "ನಿನ್ನ ಕೋರ್ಟೇನು ಓಡಿಹೋಗಲ್ಲ, ಬಾಗಿಲು ಹಾಕ್ಕೊಂಡು ಹೋಗು" ಎನ್ನುವುದು ಅಕ್ಕ ನಸುಕಿಗೇ ಮನೆ ಬಿಡುವಾಗ ಅತ್ತೆಯ ನಿತ್ಯದ ಸುಪ್ರಭಾತ.

ಹನ್ನೊಂದು ವರ್ಷದ ಹಿಂದೆ ಒಂದು ಆದೇಶದಲ್ಲಿ ಎರಡು ಹೆಸರಿದ್ದವು. ತೊಟ್ಟಿಲಲ್ಲಿ ಮೂರನೆಯದಿತ್ತು, ಇನ್ನೂ ಹೆಸರಿಟ್ಟಿರಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಮುಟ್ಟುವಂತಿಲ್ಲವೆಂದು ಅದನ್ನು ಬಿಟ್ಟು ಬಂದರು. ಹೊಸ ಆದೇಶ ತಲುಪಿದ್ದು ಸಂಜೆಗೆ. ಅಷ್ಟರೊಳಗೆ ಅದಕ್ಕೂ ಏಟು ಬಿದ್ದಿತ್ತು.

"ಬದುಕಿತು. ಒಂದು ಕಿವಿ ಕೇಳಿಸಲ್ವಂತೆ" ಎನ್ನುತ್ತಾರೆ ಅಕ್ಕ. "ಕೊಟ್ಟಿದ್ದನ್ನ ಟೈಪ್ ಮಾಡೋಳು ನಾನು, ನಂದೇ ತಪ್ಪು ಅಂತ ಯಾರೂ ಅನ್ನಲಿಲ್ಲ. ಆದ್ರೂ ಕೈ ನಂದೇ ಅಲ್ವಾ."

ಅಂದಿನಿಂದ ಪ್ರತಿ ಅರ್ಜಿಗೂ ಅದೇ ಪ್ರಶ್ನೆ. ಕಚೇರಿಯವರು ಬೆನ್ನ ಹಿಂದೆ ಅಕ್ಕನನ್ನು 'ಮೂರನೇ ಮಗು' ಎಂದು ಕರೆಯುತ್ತಾರೆ. "ಗೊತ್ತು. ನನ್ನ ಕಿವಿ ಎರಡೂ ನೆಟ್ಟಗಿವೆ."

ಅಧಿಕಾರಿ ಒಳಗೆ ಬರುತ್ತಾರೆ. ನಿದ್ದೆ ಇಳಿದುಹೋಗಿದೆ. "ಒಂದಿದೆಯಂತೆ. ಹದಿನೈದು ದಿನದ್ದು, ಹೆಣ್ಣು. ಮೊದಲೇ ಯಾಕಜ್ಜಿ ಹೇಳಲಿಲ್ಲ ಅಂದ್ರೆ, ನೀವು ಕೇಳಲಿಲ್ವಲ್ಲಪ್ಪಾ ಅಂತಾರೆ."

ಅಕ್ಕ ಒಂದು ಸಾಲು ಸೇರಿಸಿ ಪ್ರಿಂಟರಿಗೆ ಎರಡು ಏಟು ಹಾಕುತ್ತಾರೆ. ಆರೂ ಹತ್ತಕ್ಕೆ ನ್ಯಾಯಾಧೀಶರು ತಮ್ಮ ಮನೆಯ ಗೇಟಿನಲ್ಲೇ ನಿಂತು ಸಹಿ ಹಾಕುತ್ತಾರೆ. ಏಳಕ್ಕೆ ಎಂಟು ನಿಮಿಷವಿರುವಾಗ ಫೋನು: ಮೂವರೂ ಜೀಪಿನಲ್ಲಿದ್ದಾರೆ.

ನಿವೃತ್ತಿಗೆ ಇನ್ನು ಎಂಟು ತಿಂಗಳು. ಆ ಪ್ರಶ್ನೆ ಅರ್ಜಿ ನಮೂನೆಯಲ್ಲೇ ಅಚ್ಚಾಗಲೆಂದು ಅಕ್ಕ ಹನ್ನೊಂದು ಸಲ ಬರೆದುಕೊಟ್ಟಿದ್ದಾರೆ. ಪರಿಶೀಲನೆಯಲ್ಲಿದೆ.

"ದೊಡ್ಡದೇನೂ ಬೇಡ. ಒಂದು ಗೆರೆ ಎಳೆದು ಜಾಗ ಬಿಟ್ರೆ ಸಾಕು," ಎನ್ನುತ್ತಾ ಅಕ್ಕ ಪ್ರಿಂಟರಿಗೆ ಬಟ್ಟೆ ಹೊದಿಸುತ್ತಾರೆ. "ತುಂಬೋರು ತುಂಬ್ತಾರೆ. ಖಾಲಿ ಬಿಡೋರು, ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಬಿಡಲಿ."